ಚಳಿಗಾಲಕ್ಕೆ ಹಳ್ಳಿಮನೆ: ಮೊದಲು ತೇವ ಹೊರಗೆ ಹಾಕಿ

ಪ್ರಶ್ನೆ: ಪೇಟೆ ಬಿಟ್ಟು ಹಳ್ಳಿಯ ಹಳೆಯ ಕಲ್ಲುಗೋಡೆಯ ಮನೆಗೆ ಬಂದು ಒಂದು ವರ್ಷವಾಯಿತು. ಇಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ, ಹಿಮವೂ ಬೀಳುತ್ತದೆ. ಕಳೆದ ಸಲ ಅಡುಗೆಮನೆಯ ಹಿಂದಿನ ಪೈಪು ಒಡೆಯಿತು, ಸೌದೆ ಒಲೆ ಹಚ್ಚಿದರೆ ಮನೆಯೆಲ್ಲ ಹೊಗೆ, ಮಲಗುವ ಕೋಣೆಯ ಬೀರು ಸರಿಸಿದಾಗ ಹಿಂದಿನ ಗೋಡೆಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಈ ಬೇಸಿಗೆಯಲ್ಲಿ ಮರ ಕಡಿಸಿ, ಸೌದೆ ರಾಶಿ ಹಾಕಿ ಟಾರ್ಪಾಲು ಮುಚ್ಚಿದ್ದೇವೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಎರಡು ಹಸು, ಕೆಲವು ಕೋಳಿ ಇವೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಸಿಗುವುದು ಭಾನುವಾರ ಮಾತ್ರ. ಚಳಿಗೆ ಇನ್ನು ಎರಡು ತಿಂಗಳಿದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? ಚಳಿಗಾಲದ ನಡುವೆ ಒಂದು ವಾರ ಮನೆಗೆ ಬೀಗ ಹಾಕಿ ಹೋಗಬೇಕಾಗಿದೆ. ಆಗ ಹಸುಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ.

ಉತ್ತರ: ನೀವು ಬರೆದ ಮೂರು ತೊಂದರೆಗಳನ್ನು ಬೇರೆ ಬೇರೆ ಎಂದುಕೊಳ್ಳಬೇಡಿ. ಹೊಗೆ ಕಾರುವ ಒಲೆಗೂ ಬೂಷ್ಟು ಹಿಡಿದ ಗೋಡೆಗೂ ಮೂಲ ತೇವ. ಪೈಪು ಒಡೆದದ್ದೂ ಇರಬಾರದ ಜಾಗದಲ್ಲಿ ನೀರು ನಿಂತದ್ದರಿಂದ. ಚಳಿಗಾಲ ಬಂತೆಂದರೆ ಹೊಸ ಹೀಟರು, ದಪ್ಪ ಪರದೆ, ಇನ್ನೆರಡು ಕಂಬಳಿ ಎಂದು ಹೊರಡುವವರೇ ಹೆಚ್ಚು. ದುಡ್ಡು ಖರ್ಚಾಗುತ್ತದೆ, ಮನೆ ಮಾತ್ರ ಹಾಗೇ ತಣ್ಣಗಿರುತ್ತದೆ. ಒಣಗಿದ ಮನೆಯನ್ನು ಬೆಚ್ಚಗಿಡುವುದು ಸುಲಭ, ಒದ್ದೆ ಮನೆಗೆ ಎಷ್ಟು ಸೌದೆ ಹಾಕಿದರೂ ಸಾಲದು. ಹಾಗಾಗಿ ನಿಮ್ಮ ಭಾನುವಾರಗಳನ್ನು ಹಂಚುವಾಗ ಯಾವ ಕೆಲಸದಿಂದ ಏನು ಒಣಗುತ್ತದೆ ಎಂದು ನೋಡಿ, ಅದರಂತೆ ಸಾಲು ಹಿಡಿಯಿರಿ.

ಮೊದಲ ಭಾನುವಾರ ಸೌದೆಗೆ. ಇವತ್ತೇ ಹೋಗಿ ಆ ಟಾರ್ಪಾಲು ತೆಗೆಯಿರಿ. ರಾಶಿಯನ್ನು ಪೂರ್ತಿ ಮುಚ್ಚಿಟ್ಟರೆ ಮಳೆ ತಾಗುವುದಿಲ್ಲ ನಿಜ, ಆದರೆ ಸೌದೆಯೊಳಗಿನ ನೀರು ಹೊರಗೆ ಹೋಗಲು ದಾರಿಯೂ ಇರುವುದಿಲ್ಲ. ಮುಚ್ಚಿದ ರಾಶಿಯೊಳಗೆ ಕೈ ಹಾಕಿ ನೋಡಿ, ಬೆವೆತಂತಿರುತ್ತದೆ, ಕೆಳಗಿನ ತುಂಡುಗಳಿಗೆ ಆಗಲೇ ಬಿಳಿ ಬೂಷ್ಟು ಬಂದಿರಬಹುದು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಒಲೆಗೆ ಹಾಕುವ ಹೊತ್ತಿಗೆ ಅದು ಶೇ. 20ಕ್ಕಿಂತ ಕೆಳಗಿಳಿದಿರಬೇಕು. ಹಸಿ ಸೌದೆ ಉರಿಸಿದರೆ ಬೆಂಕಿಯ ಶಕ್ತಿ ಮೊದಲು ಆ ನೀರನ್ನು ಆವಿ ಮಾಡಲು ಹೋಗುತ್ತದೆ. ಒಂದು ಲೀಟರ್ ನೀರನ್ನು ಬಿಸಿ ಮಾಡಿ ಆವಿಯಾಗಿಸಲು ಸುಮಾರು 0.7 ಯೂನಿಟ್ ಶಕ್ತಿ ಬೇಕು. ಅಷ್ಟೂ ಕೋಣೆಗೆ ಬರಬೇಕಿದ್ದ ಬಿಸಿ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಬೆಂಕಿ ತಣ್ಣಗಿರುವುದರಿಂದ ಹೊಗೆ ಪೂರ್ತಿ ಸುಡದೆ ಹೊಗೆಕೊಳವೆ ಹತ್ತುತ್ತದೆ, ಅಲ್ಲಿ ತಣಿದು ಡಾಂಬರಿನಂಥ ಅಂಟು ಮಸಿಯಾಗಿ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಕೊಳವೆ ಕಿರಿದಾದ ಮೇಲೆ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ಕಳೆದ ಸಲ ನಿಮ್ಮಲ್ಲಿ ಆಗಿರುವುದೂ ಬಹುಮಟ್ಟಿಗೆ ಇದೇ ಎನ್ನುವುದು ನನ್ನ ಅಂದಾಜು.

ಬೇಸರದ ಮಾತನ್ನೂ ಹೇಳಿಬಿಡುತ್ತೇನೆ. ಈ ಬೇಸಿಗೆಯಲ್ಲಿ ಕಡಿಸಿದ ಸೌದೆ ಈ ಚಳಿಗೆ ಆಗುವುದಿಲ್ಲ. ಮೆದು ಮರ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ. ಅದನ್ನು ಮುಂದಿನ ವರ್ಷದ ಗಂಟು ಎಂದು ತೆಗೆದಿಟ್ಟು, ಈ ವರ್ಷದ ಮಟ್ಟಿಗೆ ಒಣಗಿದ ಸೌದೆ ಕೊಳ್ಳಿ. ಕೊಳ್ಳುವಾಗ ಮಾರುವವರ ಮಾತು ಕೇಳಿ ಲಾರಿ ಇಳಿಸಿಕೊಳ್ಳಬೇಡಿ. ಎರಡು ತುಂಡು ಕೈಗೆ ತೆಗೆದುಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ 'ಟಣ್' ಎನ್ನುತ್ತದೆ, ಹಸಿಯಾಗಿದ್ದರೆ 'ದೊಪ್' ಎನ್ನುತ್ತದೆ. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಲ್ಲಿ ಎಬ್ಬಿಸಿದರೆ ಬಿಟ್ಟುಕೊಳ್ಳಬೇಕು. ಒಂದು ತುಂಡನ್ನು ಅಲ್ಲೇ ಸೀಳಿಸಿ, ಒಳಮೈಯನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ಹೊರಗೆಷ್ಟೇ ಒಣಗಿದ್ದರೂ ಒಳಗೆ ಪಸೆಯಿದ್ದರೆ ಕೆನ್ನೆಗೆ ತಣ್ಣಗೆ ತಿಳಿಯುತ್ತದೆ. ತೇವ ಅಳೆಯುವ ಚಿಕ್ಕ ಮೀಟರು ಸಿಗುತ್ತದೆ, ಕೊಳ್ಳುವುದಾದರೆ ಕೊಳ್ಳಿ, ಆದರೆ ಅದರ ಮುಳ್ಳುಗಳನ್ನು ಸೀಳಿದ ಹೊಸ ಮೈಗೆ ಚುಚ್ಚಿ. ಹೊರಮೈಗೆ ಚುಚ್ಚಿದರೆ ಅದು ತೋರಿಸುವ ಅಂಕಿ ನಂಬುವ ಹಾಗಿಲ್ಲ.

ನಿಮ್ಮ ಹಸಿ ಸೌದೆಯನ್ನು ಈಗಲೇ ಸೀಳಿಬಿಡಿ. ಮರದ ನೀರು ಹೊರಗೆ ಬರುವುದು ಹೆಚ್ಚಾಗಿ ಕೊಯ್ದ ತುದಿಗಳಿಂದ ಮತ್ತು ಸೀಳಿದ ಮೈಯಿಂದ, ತೊಗಟೆ ಅದನ್ನು ತಡೆಯುತ್ತದೆ. ಇಡೀ ದಿಮ್ಮಿ ಹಾಗೇ ಇಟ್ಟರೆ ಎರಡು ವರ್ಷವಾದರೂ ಒಳಗೆ ಹಸಿಯಾಗಿಯೇ ಇರಬಹುದು. ನೆಲಕ್ಕೆ ತಾಗದಂತೆ ಕೆಳಗೆ ಮರದ ಪಟ್ಟಿಗಳನ್ನೋ ಕಲ್ಲನ್ನೋ ಹಾಕಿ, ಗಾಳಿ ಬಿಸಿಲು ಬರುವ ಕಡೆ ಒಂದೇ ಸಾಲಾಗಿ ಪೇರಿಸಿ. ಮೇಲೆ ಮಾತ್ರ ಒಂದು ತಗಡು ಹೊದಿಸಿ, ನಾಲ್ಕು ಪಕ್ಕ ತೆರೆದಿರಲಿ. ಮನೆಯ ಗೋಡೆಗೆ ಒರಗಿಸಿ ಪೇರಿಸಬೇಡಿ. ಗೋಡೆ ಒದ್ದೆಯಾಗುತ್ತದೆ, ಗೆದ್ದಲು ಇಲಿಗಳಿಗೆ ನೀವೇ ಏಣಿ ಹಾಕಿಕೊಟ್ಟಂತಾಗುತ್ತದೆ. ಒಲೆಯ ಪಕ್ಕ ಎರಡು ಮೂರು ದಿನಕ್ಕೆ ಸಾಕಾಗುವಷ್ಟು ತಂದಿಟ್ಟುಕೊಂಡರೆ ಸಾಕು, ಒಲೆಗೆ ತಾಗಿಸಿ ಮಾತ್ರ ಇಡಬೇಡಿ.

ಹೊಗೆಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಗುಡಿಸಲೇಬೇಕು. ಒಳಗೆ ಮಸಿ 3 ಮಿಲಿಮೀಟರ್ ದಪ್ಪ ಕಟ್ಟಿದ್ದರೆ ಗುಡಿಸದೆ ಒಲೆ ಹಚ್ಚಬಾರದು. ಪುಡಿಪುಡಿಯಾದ ಮಸಿ ಬ್ರಷ್‌ಗೆ ಉದುರುತ್ತದೆ. ಹೊಳೆಯುವ, ಗಾಜಿನಂತೆ ಗಟ್ಟಿಯಾದ ಕಪ್ಪು ಪದರ ಕಂಡರೆ ನೀವು ಕೈ ಹಾಕಬೇಡಿ, ಕೆಲಸ ಬಲ್ಲವರನ್ನು ಕರೆಸಿ. ಆ ಪದರಕ್ಕೆ ಬೆಂಕಿ ಹತ್ತಿದರೆ ಕೊಳವೆಯೊಳಗೆ 1,000 ಡಿಗ್ರಿ ಮೀರಿದ ಉರಿ ಏಳುತ್ತದೆ, ಪಕ್ಕದ ಮರದ ತೊಲೆಗೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಕೊಳವೆಯ ತುದಿಯಲ್ಲಿ ಹಕ್ಕಿಗೂಡು, ಒಣ ಎಲೆ ಇದೆಯೇ ಎಂದೂ ನೋಡಿಸಿ. ರಾತ್ರಿಯಿಡೀ ಬೆಂಕಿ ಉಳಿಯಲಿ ಎಂದು ಗಾಳಿಕಿಂಡಿ ಪೂರ್ತಿ ಮುಚ್ಚಿ ಒಲೆಯನ್ನು ಉಸಿರುಗಟ್ಟಿಸುವ ಅಭ್ಯಾಸ ಹಲವರಿಗಿದೆ, ಈ ಪದರ ಬೆಳೆಯುವುದೇ ಅದರಿಂದ. ಸಣ್ಣ ಬೆಂಕಿಯಾದರೂ ಚುರುಕಾಗಿ ಉರಿಯಲಿ.

ಬೆಂಕಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ನೆಗಡಿಯ ಸುಸ್ತು ಎಂದುಕೊಂಡು ಮಲಗಿಬಿಡುತ್ತಾರೆ, ಮಲಗಿದವರು ಏಳದಿರಬಹುದು. ಒಲೆಯಿರುವ ಕೋಣೆಗೊಂದು, ಮಲಗುವ ಕೋಣೆಯ ಹತ್ತಿರಕ್ಕೊಂದು ಈ ಅನಿಲ ಪತ್ತೆಹಚ್ಚುವ ಅಲಾರಂ ಹಾಕಿಸಿ. ಈ ಚಳಿಗಾಲಕ್ಕೆ ಒಂದೇ ಒಂದು ಹೊಸ ಸಾಮಾನು ಕೊಳ್ಳುವುದಾದರೆ ಅದು ಇದಾಗಿರಲಿ. ಅಗ್ಗಿಷ್ಟಿಕೆಯ ಕೆಂಡವನ್ನು ಮುಚ್ಚಿದ ಕೋಣೆಯೊಳಗೆ ಎಂದೂ ತರಬೇಡಿ, ಅತ್ತೆಯವರ ಕಾಲಿಗೆ ಬಿಸಿಯಾಗಲಿ ಎಂದು ಕೂಡ. ಜನರೇಟರು ಇದ್ದರೆ ಅದು ಮನೆಯಿಂದ 6 ಮೀಟರಾದರೂ ದೂರ, ಬಯಲಲ್ಲಿ ಓಡಬೇಕು. ಬಾಗಿಲು ತೆರೆದ ಶೆಡ್ಡು ಬಯಲಲ್ಲ. ಒಲೆಯ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಮನೆಯಿಂದಾಚೆ ಕಲ್ಲಿನ ಮೇಲಿಡಿ. ತಣ್ಣಗಾದಂತೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಅದನ್ನು ಪ್ಲಾಸ್ಟಿಕ್ ಬಕೆಟ್ಟಿಗೋ ತಿಪ್ಪೆಗೋ ಸುರಿದು ಮನೆ ಸುಟ್ಟುಕೊಂಡವರಿದ್ದಾರೆ.

ಇನ್ನು ಗೋಡೆ. ಬೂಷ್ಟು ಕಂಡ ಕೂಡಲೇ ಬಣ್ಣ ಹೊಡೆಸಬೇಡಿ. ನೀರು ಹೊರಗಿನಿಂದ ಬಂದದ್ದೋ ಒಳಗಿನಿಂದಲೇ ಬಂದದ್ದೋ ಗೊತ್ತುಮಾಡಿಕೊಳ್ಳಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೊಂದು ಸುತ್ತು ಹಾಕಿ. ಇದಕ್ಕಿಂತ ಒಳ್ಳೆಯ ತಪಾಸಣೆ ಇನ್ನೊಂದಿಲ್ಲ. ಸೂರಿನ ದಂಬೆ ಎಲ್ಲಿ ತುಂಬಿ ಹೊರಚೆಲ್ಲುತ್ತಿದೆ, ಇಳಿಕೊಳವೆಯ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದೆಯೇ, ಅಂಗಳದ ನೀರು ಮನೆಯ ಕಡೆಗೆ ಹರಿಯುತ್ತಿದೆಯೇ ಎನ್ನುವುದೆಲ್ಲ ಕಣ್ಣೆದುರೇ ಕಾಣುತ್ತದೆ. ದಂಬೆಯನ್ನು ಎಲೆ ಉದುರಿ ಮುಗಿದ ಮೇಲೆ ತೆಗೆಸಿ, ಮೊದಲೇ ತೆಗೆಸಿದರೆ ಇನ್ನೊಮ್ಮೆ ಏಣಿ ಹತ್ತಬೇಕಾಗುತ್ತದೆ. ಇಳಿದ ನೀರನ್ನು ಗೋಡೆಯಿಂದ ಎರಡು ಮೀಟರ್ ದೂರ ಸಾಗಿಸಿ. ವರ್ಷಗಳಿಂದ ಗೋಡೆಯ ಬುಡಕ್ಕೆ ಮಣ್ಣು ಪೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿದ್ದರೆ ಆ ಮಣ್ಣನ್ನು ಕೆತ್ತಿ ತೆಗೆಯಿರಿ. ಹಳೆಯ ಮನೆಗಳಲ್ಲಿ ಇದೊಂದೇ ಕೆಲಸದಿಂದ ಗೋಡೆ ಒಣಗಿದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಅಟ್ಟಕ್ಕೆ ಹತ್ತಿ ಹಗಲಲ್ಲಿ ದೀಪ ಆರಿಸಿ ಕೂತರೆ ಮಾಡಿನಲ್ಲಿ ಎಲ್ಲೆಲ್ಲಿ ಬೆಳಕಿನ ಚುಕ್ಕಿ ಇದೆಯೋ ಕಾಣುತ್ತದೆ. ಜರುಗಿದ ಹೆಂಚು, ತುಕ್ಕು ತಿಂದ ಮೊಳೆ ಸರಿಪಡಿಸಲು ಒಣ ದಿನವನ್ನೇ ಆರಿಸಿಕೊಳ್ಳಿ.

ಕಲ್ಲುಗೋಡೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಸುಣ್ಣದ ಗಾರೆಯಿಂದಲೋ ಮಣ್ಣಿನಿಂದಲೋ ಕಟ್ಟಿದ ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಅಂಥ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಒಣ ದಿನಗಳಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟ್ ಮೆತ್ತಿದರೆ ಸಣ್ಣ ಬಿರುಕುಗಳಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಹಾಗೆ ಸಿಕ್ಕಿಬಿದ್ದ ನೀರು ಹೆಪ್ಪುಗಟ್ಟಿದಾಗ ಗಿಲಾವು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ದುರಸ್ತಿಗೆ ಸುಣ್ಣದ ಗಾರೆ ಬಲ್ಲವರನ್ನೇ ಹುಡುಕಿ, ಅದೂ ಹೆಪ್ಪುಗಟ್ಟುವ ರಾತ್ರಿಗಳು ಶುರುವಾಗುವ ಬಹಳ ಮೊದಲು. ಸಮಯ ಸಿಗದಿದ್ದರೆ ಮುಂದಿನ ಬೇಸಿಗೆಗೆ ಬಿಡಿ. ಅವಸರದಲ್ಲಿ ಮಾಡಿಸಿದ ಸುಣ್ಣದ ಕೆಲಸ ಚಳಿಗೆ ಸಿಕ್ಕಿ ಹಾಳಾಗುತ್ತದೆ.

ಬೀರುವಿನ ಹಿಂದೆ ಬಂದ ಬೂಷ್ಟು ಮಾತ್ರ ಹೆಚ್ಚಾಗಿ ಮನೆಯೊಳಗಿನ ನೀರಿನಿಂದಲೇ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು, ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಮಾತ್ರ. ಬೆಚ್ಚಗಿನ ಗಾಳಿ ತಣ್ಣನೆಯ ಗೋಡೆಗೆ ತಾಗಿದಾಗ ಹಿಡಿದುಕೊಳ್ಳಲಾರದ ನೀರನ್ನು ಅಲ್ಲೇ ಬಿಡುತ್ತದೆ. ಕೋಣೆ 20 ಡಿಗ್ರಿ, ಆರ್ದ್ರತೆ ಶೇ. 50 ಇದ್ದರೆ ಗೋಡೆಯ ಮೈ ಸುಮಾರು 9 ಡಿಗ್ರಿಗೆ ಇಳಿದ ಕೂಡಲೇ ಅಲ್ಲಿ ಹನಿ ಕಟ್ಟುತ್ತದೆ. ಬೂಷ್ಟಿಗೆ ಹನಿಯೇ ಬೇಕೆಂದಿಲ್ಲ, ಅದಕ್ಕೂ ಮೊದಲೇ ಹುಟ್ಟಿಕೊಳ್ಳುತ್ತದೆ. ಹೊರಗೋಡೆಗೆ ಅಂಟಿಸಿಟ್ಟ ಬೀರುವಿನ ಹಿಂದೆ ಕೋಣೆಯ ಬಿಸಿ ತಲುಪದೆ ಆ ಜಾಗ ಇನ್ನಷ್ಟು ತಣ್ಣಗಿರುತ್ತದೆ. ಹಾಗಾಗಿ ಬೀರುವನ್ನು ಒಳಗೋಡೆಗೆ ಸರಿಸಿ, ಜಾಗವಿಲ್ಲದಿದ್ದರೆ ಹೊರಗೋಡೆಯಿಂದ ಅಂಗೈಯಗಲ ದೂರವಿಡಿ, ಅಡಿಯಲ್ಲೂ ಗಾಳಿ ಆಡಲಿ.

ಮನೆಯೊಳಗೆ ನೀರಾವಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ನಮ್ಮಿಂದಲೇ. ಉಸಿರು, ಬೆವರು, ಅಡುಗೆ, ಸ್ನಾನ ಎಲ್ಲ ಸೇರಿ ನಾಲ್ಕು ಜನರ ಸಂಸಾರ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತದೆ. ಒಂದು ಸಲ ಒಗೆದ ಬಟ್ಟೆಯನ್ನು ಒಳಗೆ ಒಣಗಲು ಹಾಕಿದರೆ ಸುಮಾರು ಎರಡು ಲೀಟರ್ ಹೆಚ್ಚುವರಿ. ಒಲೆಯ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು ಅನುಕೂಲವೇನೋ ಹೌದು, ಆ ನೀರು ರಾತ್ರಿ ಮಲಗುವ ಕೋಣೆಯ ಮೂಲೆಯಲ್ಲಿ ಕೂರುತ್ತದೆ. ಬಟ್ಟೆಗೆ ಒಂದು ಜಗಲಿಯನ್ನೋ ಗಾಳಿಯಾಡುವ ಶೆಡ್ಡನ್ನೋ ಬಿಟ್ಟುಕೊಡಿ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಎದುರು ಬದುರು ಕಿಟಕಿಗಳನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿ ಹಾಯಲು ಬಿಟ್ಟು ಮುಚ್ಚಿ. ಒಳಗಿನ ತೇವದ ಗಾಳಿ ಹೋಗುತ್ತದೆ, ಗೋಡೆ ಮತ್ತು ಸಾಮಾನುಗಳಲ್ಲಿ ಸೇರಿರುವ ಬಿಸಿ ಅಷ್ಟರಲ್ಲಿ ಆರುವುದಿಲ್ಲ. ದಿನವಿಡೀ ಒಂದು ಕಿಟಕಿಯನ್ನು ಸಂದು ಬಿಟ್ಟಿರುವುದು ಇದಕ್ಕೆ ತಿರುಗುಮುರುಗು, ಆ ಕಿಟಕಿಯ ಸುತ್ತಲಿನ ಗೋಡೆ ತಣಿದು ಅಲ್ಲೇ ಬೂಷ್ಟು ಬರುತ್ತದೆ. ಆರ್ದ್ರತೆ ತೋರಿಸುವ ಸಣ್ಣ ಯಂತ್ರವನ್ನು ಮಲಗುವ ಕೋಣೆಯಲ್ಲಿಡಿ, ಶೇ. 40ರಿಂದ 60ರೊಳಗೆ ಇರುವಂತೆ ನೋಡಿಕೊಳ್ಳಿ.

ಇಷ್ಟಾದ ಮೇಲೆ ಸಂದುಗೊಂದು ಮುಚ್ಚುವ ಕೆಲಸ. ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟು, ಬಾಗಿಲಡಿ, ಅಟ್ಟದ ಬಾಗಿಲು, ಪೈಪು ಗೋಡೆ ದಾಟುವ ಕಡೆಗಳಲ್ಲೆಲ್ಲ ನಿಧಾನಕ್ಕೆ ಹಿಡಿದು ನಡೆಯಿರಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ, ತಟ್ಟನೆ ಬಾಗಿದರೆ ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ. ಮೊದಲು ಮೇಲಿನದನ್ನು ಮುಚ್ಚಿ. ಬಿಸಿ ಗಾಳಿ ಮೇಲೆ ಸೋರಿದಷ್ಟೂ ಕೆಳಗಿನ ಸಂದುಗಳಿಂದ ತಣ್ಣನೆಯ ಗಾಳಿ ಎಳೆದುಕೊಳ್ಳುವುದರಿಂದ, ಅಟ್ಟದ ಬಾಗಿಲಿಗೆ ಒಂದು ರಬ್ಬರ್ ಪಟ್ಟಿ ಹಚ್ಚಿದರೆ ಕಾಲಿಗೆ ತಾಗುವ ಚಳಿ ಕಡಿಮೆಯಾಗುತ್ತದೆ. ಅಟ್ಟದ ನೆಲದ ಮೇಲೆ 25ರಿಂದ 30 ಸೆಂಟಿಮೀಟರ್ ದಪ್ಪ ಉಣ್ಣೆಯಂಥ ಶಾಖ ನಿರೋಧಕ ಹಾಸಿಸಲು ಸಾಧ್ಯವಾದರೆ ಹೊಸ ಕಿಟಕಿಗೆ ಹಾಕುವ ದುಡ್ಡನ್ನು ಅದಕ್ಕೆ ಹಾಕಿ. ಸೂರಿನಂಚಿನ ಗಾಳಿಕಿಂಡಿಗಳ ಮೇಲೆ ಮಾತ್ರ ಅದು ಬೀಳಬಾರದು. ಒಲೆಗೆ ಗಾಳಿ ಬರುವ ಕಿಂಡಿಯನ್ನು ಎಂದೂ ಮುಚ್ಚಬೇಡಿ. ಮನೆಯನ್ನು ಪೂರ್ತಿ ಬಿಗಿ ಮಾಡಿದರೆ ಒಲೆ ಉಸಿರಾಡಲು ಗಾಳಿ ಸಿಗದೆ ಹೊಗೆಕೊಳವೆಯಿಂದಲೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆ ಗುಡಿಸಿ, ಒಣ ಸೌದೆ ಹಾಕಿದ ಮೇಲೂ ಹೊಗೆ ಬಂದರೆ ಒಂದು ಕಿಟಕಿ ಸಂದು ತೆರೆದು ನೋಡಿ. ಆಗ ಹೊಗೆ ನಿಂತರೆ ಕಾರಣ ಇದೇ. ಇದೇ ಸುತ್ತಿನಲ್ಲಿ ಇಲಿ ಬರುವ ತೂತುಗಳನ್ನೂ ನೋಡಿ. 6 ಮಿಲಿಮೀಟರ್ ಸಂದಿದ್ದರೆ ಚಿಟ್ಟಿಲಿಗೆ ಸಾಕು. ಬರೀ ಫೋಮ್ ತುಂಬಿದರೆ ಕಡಿದು ಬರುತ್ತದೆ, ಉಕ್ಕಿನ ನಾರು ತುರುಕಿ ಮೇಲೆ ಗಾರೆ ಹಾಕಿ.

ಪೈಪಿನ ವಿಷಯ. ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ. ಪೈಪು ಒಡೆಯುವುದು ಮಂಜುಗಡ್ಡೆ ನೇರವಾಗಿ ಗೋಡೆಯನ್ನು ಒತ್ತುವುದರಿಂದ ಎಂದು ನಾವು ತಿಳಿದಿರುತ್ತೇವೆ. ಬಹಳ ಸಲ ಹಾಗಲ್ಲ. ಗಡ್ಡೆ ಬೆಳೆಯುತ್ತಾ ತನ್ನ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ನೂಕುತ್ತದೆ, ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ ಇನ್ನೆಲ್ಲೋ, ಗಡ್ಡೆಯೇ ಇಲ್ಲದ ಕಡೆ, ಪೈಪು ಸೀಳುತ್ತದೆ. ತೀರಾ ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎನ್ನುವುದು ಇದಕ್ಕೇ, ಆ ಒತ್ತಡಕ್ಕೆ ಒಂದು ಬಾಗಿಲು ತೆರೆದಿರಲಿ ಎಂದು. ಹೊರಗೆ ಮೈನಸ್ 6, 7 ಡಿಗ್ರಿಗೆ ಇಳಿದರೆ ಹೊದಿಕೆಯಿಲ್ಲದ ಪೈಪುಗಳಿಗೆ ಅಪಾಯ ಶುರು ಎಂದುಕೊಳ್ಳಿ, ಗಾಳಿ ನೇರ ತಾಗುವ ಕಡೆ ಅದಕ್ಕೂ ಮೊದಲೇ.

ಅಡುಗೆಮನೆಯ ಹಿಂದಿನ ಪೈಪು ಹೊರಗೋಡೆಯ ಮೇಲೆ ಹಾದುಹೋಗಿರಬೇಕು. ಸಾಧ್ಯವಿದ್ದರೆ ಅದನ್ನು ಮನೆಯೊಳಕ್ಕೆ ತಿರುಗಿಸಿ, ಅದೇ ಶಾಶ್ವತ ಪರಿಹಾರ. ಆಗದಿದ್ದರೆ ಫೋಮ್ ಕೊಳವೆ ಹೊದಿಸಿ, ತಿರುವುಗಳಲ್ಲಿ ಮತ್ತು ವಾಲ್ವ್ ಇರುವ ಕಡೆ ಒಂದಿಂಚೂ ಬಿಡದೆ. ಹೊದಿಕೆ ತಾನಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿ ಹೋಗುವುದನ್ನು ತಡಮಾಡುತ್ತದೆ ಅಷ್ಟೇ. ನೀರು ಹರಿಯದೆ ನಿಂತ ಪೈಪನ್ನು ಅದು ಮೂರು ರಾತ್ರಿ ಕಾಯಲಾರದು, ಅಂಥ ಕಡೆ ವಿದ್ಯುತ್ತಿನ ಬಿಸಿ ಪಟ್ಟಿಯೂ ಬೇಕಾಗುತ್ತದೆ. ಅಂಗಳದ ನಲ್ಲಿಯಿಂದ ಹೋಸ್ ಪೈಪು ಕಳಚಿ, ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ತೆರೆದು ಉಳಿದ ನೀರು ಬಸಿದುಹೋಗಲು ಬಿಡಿ, ತೆರೆದೇ ಇರಲಿ. ಬಾವಿಯ ಮೋಟಾರು ಹೊರಗಿದ್ದರೆ ಅದರ ಹೊಟ್ಟೆಯ ನೀರನ್ನೂ ಬಸಿಯಿರಿ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ಅತ್ತೆಯವರೂ ಸೇರಿ ಎಲ್ಲರಿಗೂ ಗೊತ್ತಿರಬೇಕು, ಅದು ತಿರುಗುತ್ತದೆಯೇ ಎಂದು ಈಗಲೇ ತಿರುಗಿಸಿ ನೋಡಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ದಿನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಪೈಪು ಹೆಪ್ಪುಗಟ್ಟಿಯೇ ಬಿಟ್ಟರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದಲೋ ಕೂದಲು ಒಣಗಿಸುವ ಯಂತ್ರದಿಂದಲೋ ನಿಧಾನ ಕರಗಿಸಿ. ಬೆಂಕಿ ತೋರಿಸಬೇಡಿ.

ಹಸುಗಳ ಬಗ್ಗೆ ನಿಮಗಿರುವ ಚಿಂತೆ ಅರ್ಧ ಕಡಿಮೆ ಮಾಡಿಕೊಳ್ಳಿ. ಚೆನ್ನಾಗಿ ಮೇದ, ದಟ್ಟ ಚಳಿಗಾಲದ ಕೂದಲು ಬೆಳೆದ, ಒಣ ಮೈಯ ಹಸು ಸುಮಾರು ಮೈನಸ್ 8 ಡಿಗ್ರಿಯವರೆಗೂ ಹೆಚ್ಚಿನ ಮೇವಿಲ್ಲದೆ ತಡೆದುಕೊಳ್ಳುತ್ತದೆ. ಅದೇ ಹಸುವಿನ ಮೈ ನೆನೆದಿದ್ದರೆ 15 ಡಿಗ್ರಿಯಲ್ಲೇ ಅದಕ್ಕೆ ಚಳಿ. ಎರಡರ ನಡುವಿನ ಅಂತರ ನೋಡಿ, ಕೊಟ್ಟಿಗೆಯಲ್ಲಿ ಏನು ಮುಖ್ಯ ಎನ್ನುವುದು ಅದರಲ್ಲೇ ಇದೆ. ಮಾಡು ಸೋರಬಾರದು, ನೆಲ ಒದ್ದೆಯಿರಬಾರದು, ಒಣಹುಲ್ಲಿನ ಹಾಸು ದಪ್ಪಗಿರಬೇಕು. ಮೊಣಕಾಲೂರಿ ಕೂತು ಎದ್ದಾಗ ನಿಮ್ಮ ಬಟ್ಟೆ ನೆನೆದರೆ ಹಾಸು ಬದಲಿಸುವ ಹೊತ್ತಾಯಿತು ಎಂದರ್ಥ. ಚಳಿ ಎಂದು ಕೊಟ್ಟಿಗೆಯ ಎಲ್ಲ ಕಿಂಡಿ ಮುಚ್ಚಿದರೆ ಉಸಿರಿನ ಆವಿಯೂ ಗಂಜಲದ ಘಾಟೂ ಒಳಗೇ ಉಳಿದು ದನಕ್ಕೆ ಕೆಮ್ಮು ಬರುತ್ತದೆ. ಮೈಗೆ ನೇರ ಗಾಳಿ ಬಡಿಯದಂತೆ ಕೆಳಗೆ ಮರೆ ಮಾಡಿ, ಮೇಲೆ ಗಾಳಿಗೆ ದಾರಿ ಬಿಡಿ. ಚಳಿ ಹೆಚ್ಚಿದ ದಿನ ಒಣಮೇವು ಹೆಚ್ಚು ಹಾಕಿ, ಅದು ಜೀರ್ಣವಾಗುವಾಗಲೇ ಮೈಗೆ ಬಿಸಿ ಸಿಗುತ್ತದೆ. ತೊಟ್ಟಿಯ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ನೀರು ಕಡಿಮೆ ಕುಡಿದ ಹಸು ಮೇವೂ ಕಡಿಮೆ ತಿನ್ನುತ್ತದೆ, ಹಾಲೂ ಇಳಿಸುತ್ತದೆ.

ಕೋಳಿಗಳದ್ದೂ ಇದೇ ಲೆಕ್ಕ. ಜುಟ್ಟು ಚಳಿಗೆ ಸುಟ್ಟಂತಾಗುವುದು ಗೂಡಿನ ಗಾಳಿ ತೇವವಾಗಿದ್ದಾಗ ಹೆಚ್ಚು. ಅವು ಕೂರುವ ಕೋಲಿಗಿಂತ ಮೇಲೆ ಒಂದು ಗಾಳಿಕಿಂಡಿ ತೆರೆದಿರಲಿ. ಬಿಸಿಗೆಂದು ಗೂಡಿನೊಳಗೆ ದೊಡ್ಡ ಬಲ್ಬು ತೂಗುಹಾಕಬೇಡಿ, ಒಣಹುಲ್ಲಿನ ಮೇಲೆ ಬಿದ್ದರೆ ಗೂಡೂ ಉಳಿಯುವುದಿಲ್ಲ. ಮೊಟ್ಟೆ ಕಡಿಮೆಯಾದರೆ ಹೆದರಬೇಡಿ, ಹಗಲು ಗಿಡ್ಡವಾದಾಗ ಹಾಗಾಗುವುದು ಸಹಜ.

ತರಕಾರಿ ಕೂಡಿಡುವ ಕೋಣೆಗೆ ಅರ್ಧ ದಿನ ಸಾಕು. ಆಲೂಗಡ್ಡೆ ಕತ್ತಲಲ್ಲಿ, 4ರಿಂದ 8 ಡಿಗ್ರಿಯಲ್ಲಿ, ಸ್ವಲ್ಪ ತೇವವಿರುವ ಕಡೆ. ಕ್ಯಾರೆಟ್, ಬೀಟ್‌ರೂಟ್ ಹಸಿ ಮರಳಿನೊಳಗೆ, ಸೊನ್ನೆಗಿಂತ ತುಸು ಮೇಲೆ. ಈರುಳ್ಳಿ, ಬೆಳ್ಳುಳ್ಳಿಗೆ ತಂಪೂ ಬೇಕು, ಒಣಗಾಳಿಯೂ ಬೇಕು. ಕುಂಬಳಕಾಯಿ ಮಾತ್ರ ಬೆಚ್ಚಗಿನ ಒಣ ಕೋಣೆಯಲ್ಲಿ, 10ರಿಂದ 15 ಡಿಗ್ರಿಯಲ್ಲಿರಲಿ. ಸೇಬನ್ನು ಇವುಗಳ ಜೊತೆ ಇಡಬೇಡಿ, ಅದು ಬಿಡುವ ಎಥಿಲೀನ್ ಅನಿಲದಿಂದ ಕ್ಯಾರೆಟ್ ಕಹಿಯಾಗುತ್ತದೆ. ಒಂದು ಸುತ್ತು ಎಲ್ಲವನ್ನೂ ಕೈಯಲ್ಲಿ ಮುಟ್ಟಿ ಆರಿಸಿ, ಪೆಟ್ಟಾದದ್ದನ್ನು ಮೊದಲು ಅಡುಗೆಗೆ ತೆಗೆದುಕೊಳ್ಳಿ. ಕಂಬಳಿ, ರಜಾಯಿ, ಹಾಸಿಗೆಗಳನ್ನು ಬಿಸಿಲು ಗಟ್ಟಿಯಿರುವಾಗಲೇ ಹೊರಗೆ ಹಾಕಿ ಮಗುಚಿ ಒಣಗಿಸಿ. ಪಸೆ ಹಿಡಿದ ರಜಾಯಿ ಎಷ್ಟು ದಪ್ಪವಿದ್ದರೇನು, ಬೆಚ್ಚಗಿರುವುದಿಲ್ಲ. ಉಣ್ಣೆ ಬಟ್ಟೆಯನ್ನು ತೊಳೆದೇ ಮಡಿಸಿಡಿ. ಬಟ್ಟೆ ತಿನ್ನುವ ಹುಳುವಿಗೆ ಬೆವರು, ಎಣ್ಣೆಯ ಕಲೆಯಿರುವ ಉಣ್ಣೆ ಇಷ್ಟ.

ಅತ್ತೆಯವರಿಗಾಗಿ ಇಡೀ ಮನೆ ಬಿಸಿ ಮಾಡುವ ಪ್ರಯತ್ನ ಬಿಟ್ಟು ಒಂದು ಕೋಣೆಯನ್ನು ಸರಿಯಾಗಿ ಬಿಸಿಯಿಡಿ. ಒಲೆಯಿರುವ ಕೋಣೆಗೆ ಹೊಂದಿಕೊಂಡ, ಬಚ್ಚಲಿಗೆ ಹತ್ತಿರದ ಕೋಣೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆನ್ನುತ್ತದೆ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ವಯಸ್ಸಾದ ಮೈಗೆ ಚಳಿ ಆದದ್ದು ಬೇಗ ತಿಳಿಯುವುದಿಲ್ಲ, 'ನನಗೇನೂ ಚಳಿಯಿಲ್ಲ' ಎಂದರೂ ಗೋಡೆಯ ಥರ್ಮಾಮೀಟರ್ ನೋಡಿ ತೀರ್ಮಾನಿಸಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಇರಲಿ. ಹೊಸ್ತಿಲಾಚೆ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ, ಮಂಜುಗಡ್ಡೆ ಕಟ್ಟಿದ ದಿನ ಎರಚಲು ಒಂದು ಮೂಟೆ ಮರಳು ಬಾಗಿಲ ಬಳಿಯೇ ಇಡಿ. ಹಿಮ ಎತ್ತುವ ಕೆಲಸ ಹೃದಯಕ್ಕೆ ದೊಡ್ಡ ಹೊರೆ, ನೀವೂ ಬಿಟ್ಟು ಬಿಟ್ಟು, ಸಣ್ಣ ಸಣ್ಣ ಸಲಿಕೆಯಲ್ಲಿ ಎತ್ತಿ.

ಬಿಟ್ಟರೂ ನಡೆಯುವುದು ಯಾವುದು ಎಂದು ಕೇಳಿದ್ದೀರಿ. ತೋಟವನ್ನು ಒಪ್ಪ ಮಾಡುವುದು, ಬೇಲಿಗೆ ಬಣ್ಣ, ಒಣಗಿದ ಹೂಗಿಡ ಕೀಳುವುದು, ಕಿಟಕಿ ಬದಲಿಸುವುದು ಎಲ್ಲ ಬಿಡಿ. ಕರೆಂಟು ಹೋದ ದಿನಕ್ಕೆ ದೀಪ, ಬ್ಯಾಟರಿ, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ಕುಡಿಯುವ ನೀರು, ಅತ್ತೆಯವರ ಔಷಧಿ ಇದ್ದರೆ ಆಯಿತು. ಗಾಡಿಯ ಬ್ಯಾಟರಿ ಹಳೆಯದಾಗಿದ್ದರೆ ಈಗಲೇ ತೋರಿಸಿ.

ಒಂದು ವಾರ ಬೀಗ ಹಾಕಿ ಹೋಗುವ ವಿಷಯದಲ್ಲಿ ಮೊದಲು ನೋಡಬೇಕಾದ್ದು ಕೊಟ್ಟಿಗೆಯ ನೀರು ಎಲ್ಲಿಂದ ಬರುತ್ತದೆ ಎನ್ನುವುದು. ಮನೆಯ ಮುಖ್ಯ ವಾಲ್ವ್ ದಾಟಿ ಬರುತ್ತಿದ್ದರೆ, ನೀವು ಅದನ್ನು ಮುಚ್ಚಿ ಹೋದ ದಿನ ಹಸುಗಳಿಗೂ ನೀರಿಲ್ಲ. ಚಳಿಗೆ ಮೊದಲೇ ಪ್ಲಂಬರನ್ನು ಕರೆಸಿ ಕೊಟ್ಟಿಗೆಗೆ ಪ್ರತ್ಯೇಕ ವಾಲ್ವ್ ಹಾಕಿಸಿ, ಅದು ಎಲ್ಲಿದೆ ಎಂದು ಪಕ್ಕದ ಮನೆಯವರಿಗೆ ತೋರಿಸಿ. ಹೊರಡುವ ದಿನ ಮನೆಯ ವಾಲ್ವ್ ಮುಚ್ಚಿ, ಮೇಲಿನಿಂದ ಕೆಳಗಿನವರೆಗೆ ಎಲ್ಲ ನಲ್ಲಿ ತೆರೆದು ನೀರು ಬಸಿಯಿರಿ, ಶೌಚಾಲಯದ ತೊಟ್ಟಿಯನ್ನೂ ಖಾಲಿ ಮಾಡಿ. ಗೀಸರಿನ ಸ್ವಿಚ್ಚು ಆರಿಸಿ, ಅದರ ನೀರನ್ನೂ ಇಳಿಸಿ. ಒಲೆಯ ಕೆಂಡ ಪೂರ್ತಿ ಆರಿದೆಯೇ ಎಂದು ಕೆದಕಿ ನೋಡಿಯೇ ಬಾಗಿಲು ಹಾಕಿ. ಮರಳಿ ಬಂದಾಗ ನಲ್ಲಿಗಳನ್ನೆಲ್ಲ ಮುಚ್ಚಿ, ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತೆರೆಯದೆ ಕಾಲು ಸುತ್ತು ಮಾತ್ರ ತಿರುಗಿಸಿ. ಒಬ್ಬರು ವಾಲ್ವಿನ ಬಳಿಯೇ ನಿಂತಿರಲಿ, ಇನ್ನೊಬ್ಬರು ಟಾರ್ಚು ಹಿಡಿದು ಪ್ರತಿ ನಲ್ಲಿ, ಪ್ರತಿ ಜಾಯಿಂಟು ಮುಟ್ಟಿ ನೋಡಿಕೊಂಡು ಬರಲಿ. ಎಲ್ಲೂ ಹನಿಯಿಲ್ಲ ಎಂದಾದ ಮೇಲೆ ಪೂರ್ತಿ ತೆರೆಯಿರಿ, ಗೀಸರು ತುಂಬಿದ ಮೇಲಷ್ಟೇ ಅದರ ಸ್ವಿಚ್ಚು ಹಾಕಿ.